ಚಾವಿ ಎನ್ನಬಾರದ ಭಾನುವಾರಗಳು

ಆ ಬೆಳಿಗ್ಗೆಯೂ ಎಲ್ಲ ಬೆಳಿಗ್ಗೆಗಳಂತೆ ಬಚ್ಚಲ ಒಲೆಯಿಂದಲೇ ಶುರುವಾಯಿತು. ಇಬ್ಬನಿಗೆ ತೆಂಗಿನ ಸಿಪ್ಪೆ ತೇವ ಹಿಡಿದಿತ್ತು. ಒಣಗಿದ ಗರಿ ಎರಡು ತುರುಕಿ ಊದಿದ ಮೇಲೆ, ಕಣ್ಣಿಗೆ ಸಾಕಷ್ಟು ಹೊಗೆ ಕೊಟ್ಟು, ಉರಿ ಹಿಡಿಯಿತು. ಹಂಡೆಯ ನೀರು ಸದ್ದು ಮಾಡುವಷ್ಟರಲ್ಲಿ ಅತ್ತೆಗೆ ಚಾ ಕೊಟ್ಟು, ಅಕ್ಕಿ ಕಡೆದು, ನೀರುದೋಸೆಗೆ ಕಾವಲಿ ಇಟ್ಟೆ. ಗೋಡೆಯ ಆಚೆ ಉಮ್ಮ ಎದ್ದಿದ್ದರು. ಬಾವಿಯ ರಾಟೆ ಕಿರುಗುಟ್ಟುವುದು ಕೇಳುತ್ತಿತ್ತು. ಮಂಗಳೂರಿನ ಕೊಟ್ಟಾರದಲ್ಲಿ ನಮ್ಮದು ಜೋಡಿಮನೆ. ಒಂದು ಪಾಲು ನಮಗೆ, ಇನ್ನೊಂದು ಪಾಲು ಬಂದರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡುವ ಬ್ಯಾರಿಗಳ ಕುಟುಂಬಕ್ಕೆ. ಬಾವಿ ಒಂದೇ, ನಡುವಿನ ಗೋಡೆಯೂ ಒಂದೇ. ಆ ಮನೆಯ ಹಿರಿಯಳನ್ನು ನನ್ನ ಮಗಳು ಉಮ್ಮ ಎಂದು ಕರೆಯುತ್ತಿದ್ದಳು. ನಾವೂ ಹಾಗೇ ಕರೆದು ರೂಢಿಯಾಗಿತ್ತು.

ಇವರು ಜಗಲಿಯ ಕಿಟಕಿಯ ಸರಳಿಗೆ ಕನ್ನಡಿ ತೂಗುಹಾಕಿ ಗಡ್ಡ ಹೆರೆಯುತ್ತಿದ್ದರು. ಕೆನ್ನೆಗೆ ನೊರೆ, ಬಾಯಲ್ಲಿ ಒಂದೇ ಮಾತು: "ಬೀಗದ ಕೈ ಕೊಡುವುದಿಲ್ಲ. ಬೀಗದ ಕೈ ಕೊಡುವುದಿಲ್ಲ." ನಾನು ದೋಸೆ ಹೊಯ್ಯುತ್ತಾ ಎಣಿಸಿದೆ. ಹನ್ನೊಂದು ಸಲ ಹೇಳಿದರು, ಹನ್ನೊಂದು ಸಲವೂ ಸರಿಯಾಗಿತ್ತು. ನನ್ನ ಮನಸ್ಸಿಗೆ ಸಮಾಧಾನವಾಗುವ ಹೊತ್ತಿಗೆ ಅವರು ಒಳಗೆ ತಿರುಗಿ, "ಕಪಾಟಿನ ಚಾವಿ ಎಲ್ಲಿಟ್ಟಿದ್ದೀ?" ಎಂದು ಕೇಳಿದರು.

ಜಡೆಗೆ ಕುಳಿತಿದ್ದ ಮಗಳು ಕತ್ತು ತಿರುಗಿಸದೆಯೇ, "ಬೀಗದ ಕೈ, ಅಪ್ಪ," ಅಂದಳು.

ಬೇರೆ ದಿನವಾಗಿದ್ದರೆ ನಗುತ್ತಿದ್ದರು. ಆ ದಿನ ಕನ್ನಡಿಯ ಕಡೆ ತಿರುಗಿದರು. ಒಂದು ಕಿವಿಯ ಕೆಳಗೆ ನೊರೆ ಹಾಗೇ ಉಳಿದದ್ದು ದೋಸೆ ತಿನ್ನುವಾಗ ನನ್ನ ಕಣ್ಣಿಗೆ ಬಿತ್ತು. ಸೆರಗಿನಿಂದ ಒರೆಸಿಬಿಟ್ಟೆ.

ಇಷ್ಟಕ್ಕೆಲ್ಲ ಕಾರಣ ಒಂದು ಹಳೆಯ ಬೀಗ. ನಮ್ಮದು ಬೀಗ, ಚಿಲಕ, ಮೊಳೆ, ಸರಪಳಿ ಮಾರುವ ಅಂಗಡಿ. ಮಾವನ ಕಾಲದ ಒಂದು ಕಬ್ಬಿಣದ ಬೀಗ ಅಂಗಡಿಯ ಅಟ್ಟದಲ್ಲಿತ್ತು, ಹಲಸಿನ ಹಣ್ಣಿನಷ್ಟು ದಪ್ಪ, ಅದರ ಬೀಗದ ಕೈಯೇ ಒಂದು ಗೇಣು ಉದ್ದ. ಕೆಲಸದಿಂದ ನಿವೃತ್ತರಾದ ಇತಿಹಾಸದ ಮಾಸ್ಟರೊಬ್ಬರು ಅದರ ಸುದ್ದಿ ತಿಳಿದು ಅಂಗಡಿಗೆ ಬಂದರು. ಹಳೆಯ ಕಾಲದ ಮಂಗಳೂರು ಹೇಗಿತ್ತು ಎಂಬುದನ್ನು ಬಯಲಿನಲ್ಲಿ ಬದುಕಿ ತೋರಿಸಬೇಕು, ಅದಕ್ಕೊಂದು ಮಂಡಳಿ ಕಟ್ಟಿದ್ದೇನೆ, ಈ ಬೀಗ ಎರವಲು ಬೇಕು ಅಂದರಂತೆ. ಇವರು ಕೊಂಡುಹೋಗಿ ಅಂದರು. ಮಾಸ್ಟರು ಬೀಗವನ್ನು ಎತ್ತಿ ನೋಡಿ, ಬೀಗ ಮಾತ್ರ ಬಂದರೆ ಸಾಲದು, ಬೀಗದ ಒಡೆಯನೂ ಬರಬೇಕು, ಒಡೆಯನ ಮನೆಯವರೂ ಬರಬೇಕು ಎಂದು ಹಠ ಹಿಡಿದರು. ಅವರ ಮಂಡಳಿಗೆ ಒಬ್ಬೊಬ್ಬರನ್ನು ಸೇರಿಸಿಕೊಳ್ಳುವುದಿಲ್ಲವಂತೆ, ಮನೆಯನ್ನೇ ಸೇರಿಸಿಕೊಳ್ಳುವುದಂತೆ.

ಆ ರಾತ್ರಿ ಊಟಕ್ಕೆ ಕುಳಿತಾಗ ಇವರು ಅದನ್ನು ತಮಾಷೆಯಾಗಿ ಹೇಳಿದರು. ಅತ್ತೆ ಮಾತ್ರ ತಮಾಷೆಯಾಗಿ ತೆಗೆದುಕೊಳ್ಳಲಿಲ್ಲ. "ಭಾನುವಾರ ಅಲ್ವಾ? ಹೋಗುವ," ಅಂದರು.

ಭಾನುವಾರ ಎಂದರೆ ನಮ್ಮಲ್ಲಿ ಎಂತದಿತ್ತು? ಮಧ್ಯಾಹ್ನದವರೆಗೆ ಇವರು ಅಂಗಡಿಯಲ್ಲಿ, ಮಧ್ಯಾಹ್ನದ ಮೇಲೆ ನಿದ್ದೆಯಲ್ಲಿ. ಮದುವೆಯಾಗಿ ಎಂಟು ವರ್ಷವಾಗಿತ್ತು. ಮದುವೆಮನೆ, ಸಾವಿನ ಮನೆ ಬಿಟ್ಟರೆ ನಾವು ನಾಲ್ಕೂ ಜನ ಒಟ್ಟಿಗೆ ಹೊರಟದ್ದು ನನಗೆ ನೆನಪಿಲ್ಲ. ಮಂಡಳಿಗೆ ಸೇರಿದ ಮೊದಲ ಭಾನುವಾರ ಚಪ್ಪಲಿ ಮೆಟ್ಟಿ ಬಾಗಿಲು ಎಳೆದುಕೊಳ್ಳುವಾಗಲೇ ಗೊತ್ತಾಯಿತು, ಮನೆಗೆ ಬೀಗ ಹಾಕುವ ಅಭ್ಯಾಸವೇ ನಮಗಿಲ್ಲ ಎಂದು. ಯಾರಾದರೊಬ್ಬರು ಯಾವಾಗಲೂ ಮನೆಯಲ್ಲಿರುತ್ತಿದ್ದರಲ್ಲ. ಬೀಗದ ಅಂಗಡಿಯವರ ಮನೆಯಲ್ಲಿ ಬೀಗ ಹುಡುಕಿದೆವು. ಕೊನೆಗೆ ಅಕ್ಕಿಪೆಟ್ಟಿಗೆಯದ್ದನ್ನು ತೆಗೆದು ಬಾಗಿಲಿಗೆ ಹಾಕಿ, ಅದರ ಚಾವಿ ಉಮ್ಮನ ಹತ್ತಿರ ಕೊಟ್ಟು ಹೊರಟೆವು.

ಮಂಡಳಿಯಲ್ಲಿ ಎಂಟು ಮನೆಗಳಿದ್ದವು. ಶಾಲೆಯ ಮೈದಾನದಲ್ಲಿ ಸೇರುತ್ತಿದ್ದೆವು. ಒಂದು ಮನೆಯ ಮಾತು ತುಳು, ಇನ್ನೊಂದರದ್ದು ಕೊಂಕಣಿ, ಮತ್ತೊಂದರದ್ದು ಬ್ಯಾರಿ ಭಾಷೆ. ಎಂಟಕ್ಕೂ ಆಗುವುದು ಕನ್ನಡ, ಆದ್ದರಿಂದ ಮೈದಾನದೊಳಗೆ ಕನ್ನಡವೇ. ನಾವೆಲ್ಲ ಪರಂಗಿಯವರ, ಅಂದರೆ ಪೋರ್ಚುಗೀಸರ, ಎದುರು ಕಾದಿದ ರಾಣಿಯ ಕತೆ ಆಡುತ್ತೇವೆಂದುಕೊಂಡಿದ್ದೆವು. ಕತ್ತಿ, ಕುದುರೆ, ಕಿರೀಟ ಎಂದು ಮಗಳು ಕನಸು ಕಂಡಿದ್ದಳು. ಮಾಸ್ಟರು ಕೈ ಅಲ್ಲಾಡಿಸಿಬಿಟ್ಟರು. ರಾಣಿಯನ್ನು ನಾಟಕದವರು ನೋಡಿಕೊಳ್ಳುತ್ತಾರೆ, ರಾಣಿಯ ಅಕ್ಕಿ ಅಳೆದವರನ್ನು ಯಾರು ನೋಡುತ್ತಾರೆ ಎಂಬುದು ಅವರ ಪ್ರಶ್ನೆ. ನಾಲ್ಕು ನೂರು ವರ್ಷಗಳ ಹಿಂದೆ ಹೊಳೆಯ ಬದಿಯಲ್ಲೊಂದು ಅಕ್ಕಿಯ ಉಗ್ರಾಣ, ಬೆಳಿಗ್ಗೆ ಎದ್ದು ಅಕ್ಕಿ ಕೇರುವವರು, ಅಳೆಯುವವರು, ಬಲೆ ಹೆಣೆಯುವವರು, ಹಡಗಿನಿಂದ ಪರಂಗಿಯವರು ಇಳಿದು ಬಂದು ಅಕ್ಕಿಯನ್ನು ಕಪ್ಪವಾಗಿ ಕೇಳುತ್ತಾರೆ, ಊರವರು ಕೊಡುವುದಿಲ್ಲ ಎನ್ನುತ್ತಾರೆ. ಅಷ್ಟೇ. ಇವರು ಉಗ್ರಾಣದ ಕಾವಲಿನವರು, ಉಗ್ರಾಣಿ. ಅತ್ತೆಗೆ ಸೇರಿನಲ್ಲಿ ಅಕ್ಕಿ ಅಳೆಯುವ ಕೆಲಸ, ನನಗೆ ಗೆರಸೆಯಲ್ಲಿ ಕೇರುವ ಕೆಲಸ. ಮಗಳಿಗೆ ಕೋಳಿ ಅಟ್ಟುವ ಕೆಲಸ. ಅದಕ್ಕಾಗಿ ನಿಜವಾದ ಕೋಳಿಗಳೇ ಬರುತ್ತವೆ ಎಂದು ತಿಳಿದ ಮೇಲೆ ಅವಳು ಕಿರೀಟವನ್ನು ಮರೆತಳು.

ಮಾಸ್ಟರ ನಿಯಮಗಳು ಎರಡೇ. ಒಂದು ಮನೆಗೆ ಒಂದೇ ಮಾತು. ಅದನ್ನು ಮನೆಯ ಪರವಾಗಿ ಒಬ್ಬರು ಆಡಬೇಕು, ಉಳಿದವರು ಬಾಯಿ ಮುಚ್ಚಿ ಕೆಲಸ ಮಾಡಬೇಕು. ಎರಡನೆಯದು ಕಷ್ಟದ್ದು: ಪರಂಗಿಯವರ ಹಡಗಿನಿಂದ ಇಳಿದ ಯಾವ ವಸ್ತುವೂ ನಮ್ಮ ಕೈಯಲ್ಲಿರಬಾರದು, ಯಾವ ಶಬ್ದವೂ ನಮ್ಮ ಬಾಯಲ್ಲಿರಬಾರದು. ಅವರು ಒಂದು ಪಟ್ಟಿ ಓದಿದರು. ಬಟಾಟೆ ಹೋಯಿತು, ಪೇರಳೆ ಹೋಯಿತು, ಕಿಟಕಿಗೆ ಹೇಳುವ ಜನೇಲು, ಇಸ್ತ್ರಿ, ಮೇಸ್ತ್ರಿ ಹೋದವು. ಮೀನಿಗೆ ಹಾಕುವ ಮೆಣಸೇ ಹೋಯಿತು, ಕರಿಮೆಣಸು ಉಳಿಯಿತು. ನಮ್ಮ ರಸ್ತೆಯ ಕೊನೆಯಲ್ಲಿ ಬೇಕರಿ ಇಟ್ಟಿದ್ದ ಕೊಂಕಣಿಯವರು ನಿಧಾನವಾಗಿ ಕೈ ಎತ್ತಿದರು.

"ಮಾಸ್ಟ್ರೇ, ನನ್ನ ಪಾವ್?"

"ಹಡಗಿನದ್ದೇ."

"ಹಾಗಾದ್ರೆ ನಾನೇ ಉಳಿಯುವುದಿಲ್ಲವಲ್ಲ."

"ನೀವು ಪರಂಗಿ ಕಪ್ತಾನ," ಎಂದರು ಮಾಸ್ಟರು. "ನೀವು ಇಳಿಸುವವರು. ನಿಮಗೆ ಎಲ್ಲ ಉಂಟು."

ಹೀಗೆ ಊರಿನಲ್ಲೇ ಅತ್ಯಂತ ಮೆತ್ತಗಿನ ಮನುಷ್ಯ ಕಪ್ತಾನನಾದ. ಮೊದಲ ಅಭ್ಯಾಸದಲ್ಲಿ ಅವರು ಉಗ್ರಾಣದ ಮುಂದೆ ನಿಂತು, "ದಯಮಾಡಿ ಚಾವಿ ಕೊಡು," ಎಂದು ಕೇಳಿದ್ದು ನನಗೆ ಇನ್ನೂ ನೆನಪಿದೆ. 'ದಯಮಾಡಿ'ಯನ್ನು ಬಿಡಿಸಲು ಮಾಸ್ಟರಿಗೆ ಮೂರು ವಾರ ಹಿಡಿಯಿತು.

ಚಾವಿ ಎಂಬ ಶಬ್ದವೂ ಆ ಹಡಗಿನದ್ದೇ. ಅದು ನಮಗೆ ಗೊತ್ತಿರಲಿಲ್ಲ. ಕಪ್ತಾನ ಚಾವಿ ಎನ್ನಬಹುದು. ಅದು ಅವನ ನುಡಿ. ನಮ್ಮ ಉಗ್ರಾಣಿ ಬೀಗದ ಕೈ ಎನ್ನಬೇಕು. ನಮ್ಮ ಮನೆಯ ಒಂದೇ ಮಾತು ಅದು: "ಬೀಗದ ಕೈ ಕೊಡುವುದಿಲ್ಲ." ಆದರೆ ಇವರು ದಿನಕ್ಕೆ ನೂರು ಸಲ ಚಾವಿ ಎನ್ನುವ ಅಂಗಡಿಯವರು. ಚಾವಿ ಮಾರಿದ್ದೇ ಕಸುಬು, ಚಾವಿ ತುಂಡಾದರೆ ಮಾಡಿಸಿಕೊಟ್ಟದ್ದೇ ಹೆಸರು. ಕಪ್ತಾನ ಚಾವಿ ಎಂದ ಕೂಡಲೇ ಗಿರಾಕಿಗೆ ಉತ್ತರಿಸಿದಂತೆ ಬಾಯಿ ತಾನಾಗಿ, "ಚಾವಿ ಕೊಡುವುದಿಲ್ಲ," ಅಂದುಬಿಡುತ್ತಿತ್ತು.

ತಪ್ಪಿದವರಿಗೆ ದಂಡ, ಶಾಲೆಯ ಬಾವಿಯಿಂದ ಒಂದು ಕೊಡ ನೀರು ಸೇದುವುದು. ನಾನು ಓದಿದ ಕಾನ್ವೆಂಟಿನಲ್ಲಿ ತುಳು ಮಾತಾಡಿ ಸಿಕ್ಕಿಬಿದ್ದವರ ಕೈಗೆ ಒಂದು ಮರದ ಬಿಲ್ಲೆ ಬರುತ್ತಿತ್ತು. ಸಂಜೆಯವರೆಗೆ ಅದನ್ನು ಹಿಡಿದುಕೊಂಡು ತಿರುಗಬೇಕಿತ್ತು. ಆದ್ದರಿಂದ ಬಾಯಿಗೆ ಬಂದ ಶಬ್ದವನ್ನು ನುಂಗುವ ವಿದ್ಯೆ ನನಗೆ ಹೊಸತಲ್ಲ. ಆದರೆ ಇಲ್ಲಿ ತಪ್ಪಿದವರು ನೀರು ಸೇದುವಾಗ ಎಂಟೂ ಮನೆಯವರು ಬಾವಿಯ ಸುತ್ತ ನಿಂತು ಹಾಸ್ಯ ಮಾಡುತ್ತಿದ್ದರು, ಸೇದಿದ ನೀರನ್ನು ಅವರೇ ಕುಡಿಯುತ್ತಿದ್ದರು. ಎಷ್ಟು ವ್ಯತ್ಯಾಸ. ನಾನೂ ಒಂದು ಸಲ ಬೇಕೆಂದೇ ಪೇರಳೆ ಎಂದು ಹೇಳಿ ನೀರು ಸೇದಿದ್ದೇನೆ. ಈಗ ಒಪ್ಪಿಕೊಳ್ಳಬಹುದು.

ಅತ್ತೆಗೆ ಕಷ್ಟವಾದದ್ದು ಶಬ್ದವಲ್ಲ, ಚಾ. ಆಗಿನ ಕಾಲದಲ್ಲಿ ಚಾ ಇರಲಿಲ್ಲವೆಂದು ಮಾಸ್ಟರು ಅದನ್ನೂ ನಿಲ್ಲಿಸಿದ್ದರು. ಒಂದು ಭಾನುವಾರ ಅತ್ತೆ ಮರದ ಹಿಂದೆ ಕುಳಿತು ಲೋಟದಿಂದ ಕುಡಿಯುತ್ತಿದ್ದಾಗ ಮಾಸ್ಟರು ಅತ್ತ ಹೋಗಿ ನಿಂತರು. ಅತ್ತೆ ತಲೆ ಎತ್ತಲಿಲ್ಲ. "ಕಷಾಯ ಮಾಸ್ಟ್ರೇ. ಎದೆಗೆ ಸ್ವಲ್ಪ ಶೀತ," ಎಂದು ಕೆಮ್ಮಿದರು. ಚಾದ ಪರಿಮಳ ನನ್ನ ಗೆರಸೆಯ ತನಕ ಬರುತ್ತಿತ್ತು.

ಹೀಗೆ ಎರಡು ತಿಂಗಳು ಕಳೆಯಿತು. ಸೇಫ್ಟಿ ಪಿನ್ನು ಇಲ್ಲದೆ ಸೀರೆ ನಿಲ್ಲಿಸುವುದನ್ನು ಅತ್ತೆ ನಮಗೆಲ್ಲ ಕಲಿಸಿದರು. ಅವರ ಅಜ್ಜಿ ಭುಜದ ಮೇಲೆ ಗಂಟು ಹಾಕಿ ಉಡುತ್ತಿದ್ದರಂತೆ. ಇವರು ಶನಿವಾರ ಸಂಜೆಯೇ ಅಂಗಡಿಯಿಂದ ಬೇಗ ಬರತೊಡಗಿದರು. ದಾರಿಯಲ್ಲಿ ಮಗಳ ಕೈ ಹಿಡಿದು ನಡೆಯುವುದನ್ನು ಕಲಿತರು. ಒಂದು ಭಾನುವಾರ, ಯಾವ ಕಾರಣವೂ ಇಲ್ಲದೆ, ನನಗೆ ದಾರಿಬದಿಯಲ್ಲಿ ಎಳನೀರು ಕೆತ್ತಿಸಿ ಕೊಟ್ಟರು.

ಆದರೆ ಕೂಳೂರಿನ ಹೊಳೆಯ ಬದಿಯಲ್ಲಿ ಜನರ ಎದುರು ಆಡಿ ತೋರಿಸುವ ಮುಂಚಿನ ಕೊನೆಯ ಅಭ್ಯಾಸದ ದಿನವೂ ಚಾವಿಯೇ ಬಂತು. ಎಲ್ಲರೂ ನಕ್ಕರು. ನಗುವಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೂ ಇವರ ಕಿವಿ ಕೆಂಪಾದದ್ದನ್ನು ಕಂಡೆ. ಶಾಲೆಯಲ್ಲಿ ಕನ್ನಡ ಪದ್ಯ ಹೇಳಲು ನಿಂತು ನಡುವೆ ಮರೆತು, ಇಡೀ ಕ್ಲಾಸು ನಕ್ಕ ಮೇಲೆ ಇವರು ಯಾವ ಸಭೆಯಲ್ಲೂ ಬಾಯಿ ಬಿಟ್ಟವರಲ್ಲ. ಅದನ್ನು ಮದುವೆಯಾದ ವರ್ಷ ಒಮ್ಮೆ ಹೇಳಿದ್ದರು, ಮತ್ತೆ ಹೇಳಿರಲಿಲ್ಲ. ಮನೆಗೆ ಬಂದು ಕಾಲು ತೊಳೆಯುತ್ತಾ ನನ್ನೊಬ್ಬಳಿಗೇ ಕೇಳುವ ಹಾಗೆ ಅಂದರು: "ಕೂಳೂರಿನಲ್ಲಿ ಆ ಜನರ ಎದುರು ತಪ್ಪಿದ್ರೆ ನಾನು ಮತ್ತೆ ಬರುವುದಿಲ್ಲ. ಭಾನುವಾರ ಅಂಗಡಿಯೇ ಸಾಕು ನನಗೆ."

ಕೂಳೂರಿಗೆ ಹೊರಡುವ ಆ ಬೆಳಿಗ್ಗೆ ನಾನು ದೋಸೆ ಹೊಯ್ಯುತ್ತಾ ಹನ್ನೊಂದರ ತನಕ ಎಣಿಸಿದ್ದು ಅದಕ್ಕೇ. ಬೇರೆಯವರಿಗೆ ಅದು ಒಂದು ಶಬ್ದ. ನನಗೆ ಮುಂದಿನ ಎಲ್ಲ ಭಾನುವಾರಗಳು.

ಹೊರಡುವಾಗ ಉಮ್ಮ ತಮ್ಮ ಜಗಲಿಯಿಂದಲೇ ಕೈ ಚಾಚಿದರು. "ಚಾವಿ ಇತ್ಲಾಗೆ ಕೊಡಿ. ಬೆಕ್ಕಿಗೆ ನಾನು ಹಾಲು ಹಾಕ್ತೇನೆ." ಇವರ ಮುಖ ಇನ್ನಷ್ಟು ಬಾಡಿತು.

ಕೂಳೂರಿಗೆ ಬಸ್ಸಿನಲ್ಲೇ ಹೋದೆವು, ವೇಷದಲ್ಲೇ. ಇವರು ಬರಿಮೈಗೆ ಶಾಲು ಹೊದ್ದು, ಸೊಂಟಕ್ಕೆ ಗೇಣುದ್ದದ ಬೀಗದ ಕೈ ಸಿಕ್ಕಿಸಿ ಕುಳಿತಿದ್ದರು. ಮಗಳ ಮಡಿಲಿನಲ್ಲಿ ಬುಟ್ಟಿ, ಬುಟ್ಟಿಯಲ್ಲಿ ಎರಡು ಕೋಳಿ. ಕಂಡಕ್ಟರ್ ನಮ್ಮನ್ನು ಯಕ್ಷಗಾನದವರೆಂದೇ ತಿಳಿದ.

"ಎಂತ, ಇವತ್ತು ಹಗಲೇ ಆಟವಾ?"

"ಆಟ ಅಲ್ಲ ಮಾರಾಯ. ನಾವು ಹಳೇ ಕಾಲದವರು," ಅಂದರು ಅತ್ತೆ.

"ಹಳೇ ಕಾಲದವರಿಗೂ ಟಿಕೆಟ್ ಉಂಟು ಅಮ್ಮ. ಕೋಳಿಗೆ ಬೇಡ."

ಬಸ್ಸಿನವರೆಲ್ಲ ನಕ್ಕರು. ಇವರು ಕಿಟಕಿಯ ಹೊರಗೆ ನೋಡುತ್ತಿದ್ದರು, ತುಟಿ ಮಾತ್ರ ಅಲ್ಲಾಡುತ್ತಿತ್ತು.

ಹೊಳೆಯ ಬದಿಯ ತೆಂಗಿನ ತೋಟದಲ್ಲಿ ಗರಿ ಹೆಣೆದ ಮಡಲಿನ ಉಗ್ರಾಣ ಎದ್ದಿತ್ತು. ಬಾಗಿಲಿಗೆ ಮಾವನ ಬೀಗ. ಬಿಸಿಲು ಏರುವ ಮುಂಚೆಯೇ ಜನ ಸೇರಿದರು: ಮೀನು ಮಾರಿ ಹಿಂದೆ ಬಂದ ಹೆಂಗಸರು, ಶಾಲೆಯ ಮಕ್ಕಳು, ಸೇತುವೆಯ ಮೇಲೆ ಸೈಕಲ್ ನಿಲ್ಲಿಸಿ ಕೆಳಗೆ ಬಗ್ಗಿದವರು. ನಾವು ಎಂಟೂ ಮನೆಯವರು ನಮ್ಮ ನಮ್ಮ ಕೆಲಸಕ್ಕೆ ಕೂತೆವು. ಸ್ವಲ್ಪ ಹೊತ್ತಿಗೆ ಜನ ನೋಡುತ್ತಿದ್ದಾರೆಂಬುದೇ ಮರೆತುಹೋಯಿತು. ಅಕ್ಕಿ ನಿಜವಾದ ಅಕ್ಕಿ, ನುಚ್ಚು ನಿಜವಾದ ನುಚ್ಚು. ಕೇರಲಿಕ್ಕೆ ನಟನೆ ಬೇಕಾಗಿರಲಿಲ್ಲ. ಕೋಳಿಗಳು ಅಕ್ಕಿಗೆ ನುಗ್ಗಿದವು, ಮಗಳು ಅಟ್ಟಿದಳು. ಅಷ್ಟು ಖುಷಿಯಿಂದ ಯಾರೂ ಕೋಳಿ ಅಟ್ಟಿದ್ದನ್ನು ನಾನು ಆಮೇಲೆ ನೋಡಿಲ್ಲ.

ದೋಣಿ ಬಂತು. ಬೇಕರಿಯವರು ಹೆಂಡತಿಯ ಮದುವೆಯ ಸ್ಯಾಟಿನ್ ಬಟ್ಟೆಯ ಅಂಗಿ ತೊಟ್ಟು, ಹುಂಜದ ಗರಿಯ ಟೋಪಿ ಹಾಕಿ ನಿಂತಿದ್ದರು, ಹಿಂದೆ ನಾಲ್ಕು ಸಿಪಾಯಿಗಳು. ಇಳಿಯುವಾಗ ಕಾಲು ಕೆಸರಿನಲ್ಲಿ ಮೊಣಕಾಲಿನವರೆಗೆ ಹೋಯಿತು. ಮಕ್ಕಳು ಹೋ ಎಂದರು. ಕೆಸರುಗಾಲಿನಲ್ಲೇ ಬಂದು ಉಗ್ರಾಣದ ಮುಂದೆ ನಿಂತು, ದೊಡ್ಡ ದನಿಯಲ್ಲಿ, ದಯಮಾಡಿ ಇಲ್ಲದೆ, "ಚಾವಿ ಕೊಡು," ಎಂದರು.

ಇವರು ಎರಡು ಹೆಜ್ಜೆ ಮುಂದೆ ಬಂದರು. ಎದೆ ಸೆಟೆದು, ಸೊಂಟದ ಮೇಲೆ ಕೈ ಇಟ್ಟು, ಕಪ್ತಾನನ ಕಣ್ಣಿಗೆ ಕಣ್ಣಿಟ್ಟು ಹೇಳಿದರು:

"ಚಾವಿ..."

ಅಲ್ಲಿಗೆ ನಿಂತಿತು. ಗೆರಸೆ ನನ್ನ ಕೈಯಲ್ಲಿ ವಾಲಿ, ಕೇರಿದ ಅಕ್ಕಿಯೂ ನುಚ್ಚೂ ಒಂದಾಗಿ ಜಾರಿದವು. ಮರದ ಕೆಳಗೆ ಮಾಸ್ಟರು ಕಣ್ಣು ಮುಚ್ಚಿದರು. ಬೇಕರಿಯವರ ಮುಖದಲ್ಲಿ ಕಪ್ತಾನ ಹೋಗಿ ಬೇಕರಿಯವರೇ ಬಂದರು. ಪಾಪ, ತಾವೇ ತಪ್ಪು ಮಾಡಿದಂತೆ ನೋಡುತ್ತಿದ್ದರು. ಇವರ ಕಿವಿಯ ತುದಿ ಕೆಂಪೇರುವುದು ನನಗೆ ಅಷ್ಟು ದೂರದಿಂದಲೂ ಕಾಣುತ್ತಿತ್ತು. ಜನರ ನಡುವೆ ಎಲ್ಲೋ ಒಂದು ಸಣ್ಣ ನಗು ಹುಟ್ಟುತ್ತಿತ್ತು.

ಆಗ ಅತ್ತೆ, ಸೇರಿನ ಮೇಲಿನ ಅಕ್ಕಿಯನ್ನು ಅಂಗೈಯಿಂದ ಸವರಿ ಮಟ್ಟ ಮಾಡುತ್ತಾ, ತಲೆ ಎತ್ತದೆ, ಕಿವಿ ಮಂದವಾದ ಮುದುಕಿಯರು ಕೇಳುವ ರಾಗದಲ್ಲಿ ಕೇಳಿದರು:

"ಚಾವಿ ಅಂದ್ರೆ ಎಂತ ಮಗಾ?"

ಅತ್ತೆಯ ಸೊಂಟದಲ್ಲಿ ಮನೆಯಲ್ಲಿದ್ದಾಗ ಸದಾ ಒಂದು ಗೊಂಚಲು ಚಾವಿ ಇರುತ್ತದೆ. ಆ ಬೆಳಿಗ್ಗೆ ಅದನ್ನು ಬಿಚ್ಚಿಡುವಾಗಲೂ ಚಾವಿ, ಚಾವಿ ಎಂದು ನಾಲ್ಕು ಸಲ ನನಗೆ ಎಚ್ಚರ ಹೇಳಿದ್ದರು.

ಇವರು ತಿರುಗಿ ತಾಯಿಯನ್ನು ನೋಡಿದರು. ಸೆಟೆದ ಎದೆ ಇಳಿಯಿತು, ಭುಜ ಸಡಿಲವಾಯಿತು. ಮನೆಯಲ್ಲಿ ಅತ್ತೆ ಪೇಪರಿನ ಸುದ್ದಿ ಏನೆಂದು ಕೇಳಿದಾಗ ಹೇಳುತ್ತಾರಲ್ಲ, ಅದೇ ದನಿಯಲ್ಲಿ ಹೇಳಿದರು:

"ಬೀಗದ ಕೈ, ಅಮ್ಮ. ನಮ್ಮ ಉಗ್ರಾಣದ ಬೀಗದ ಕೈ ಕೇಳ್ತಿದ್ದಾರೆ."

"ಕೊಡ್ತೀಯಾ?"

"ಕೊಡುವುದಿಲ್ಲ," ಎಂದರು ಇವರು. ಅಷ್ಟು ಮೆಲ್ಲಗೆ ಹೇಳಿದರೂ ಅದು ಹೊಳೆಯ ಆಚೆ ದಡಕ್ಕೂ ಕೇಳಿರಬೇಕು. ಸೇತುವೆಯ ಮೇಲಿನಿಂದ ಒಬ್ಬ, "ಕೊರೊಡ್ಚಿ," ಎಂದು ತುಳುವಿನಲ್ಲಿ ಕೂಗಿದ, ಕೊಡಬೇಡ ಎಂದು. ಅವನ ಹಿಂದೆ ಇನ್ನೊಬ್ಬ, ಮತ್ತೆ ಮೀನಿನ ಹೆಂಗಸರು, ಮತ್ತೆ ಶಾಲೆಯ ಮಕ್ಕಳೆಲ್ಲ ಸೇರಿ. ಬೇಕರಿಯವರು ಟೋಪಿ ತೆಗೆದು, ಬಾಯಿ ತುಂಬ ನಗುತ್ತಾ, ಸೋತು ದೋಣಿಗೆ ಹೋದರು. ಇನ್ನೊಮ್ಮೆ ಕೆಸರಿಗೆ ಕಾಲಿಟ್ಟರು.

ಮುಗಿದ ಮೇಲೆ ಮಾಸ್ಟರು ನೇರವಾಗಿ ನಮ್ಮ ಕಡೆ ಬಂದರು. ಹಣೆ ಗಂಟಿಕ್ಕಿತ್ತು, ಮೀಸೆಯ ಕೆಳಗೆ ಬೇರೆ ಏನೋ ನಡೆಯುತ್ತಿತ್ತು. ಒಂದು ಮನೆಗೆ ಒಂದೇ ಮಾತು ಎಂಬ ನಿಯಮ ಏನಾಯಿತು ಎಂದು ಅತ್ತೆಯನ್ನು ಕೇಳಿದರು.

"ನಾನು ಎಲ್ಲಿ ಮಾತಾಡಿದೆ ಮಾಸ್ಟ್ರೇ? ನಾನು ಕೇಳಿದ್ದಲ್ವಾ," ಅಂದರು ಅತ್ತೆ.

ಮಾಸ್ಟರು ಸೋತರು. ಆದರೂ ದಂಡ ದಂಡವೇ ಎಂದು ಇವರಿಗೆ ಒಂದು ಕೊಡ ನೀರು ಸೇದಲು ಹೇಳಿದರು. ಇವರು ತೋಟದ ಬಾವಿಯಿಂದ ಎಂಟೂ ಮನೆಗೆ ಸಾಲುವಷ್ಟು ಸೇದಿದರು. ಬೇಕರಿಯವರ ಕೆಸರಿನ ಕಾಲಿಗೂ ತಾವೇ ಹೊಯ್ದರು. ನಾನು ಕರಿಮೆಣಸು ಅರೆದು ಮಾಡಿಟ್ಟಿದ್ದ ಬೂತಾಯಿ ಮೀನಿನ ಗಸಿಯನ್ನು ಎಲೆಗೆ ಬಡಿಸಿದೆ. ಮೆಣಸಿನ ಕೆಂಪು ಇಲ್ಲದೆ ಅದು ಮಣ್ಣಿನ ಬಣ್ಣಕ್ಕೆ ಇತ್ತು. ಎಲ್ಲರೂ ಅನುಮಾನದಿಂದ ಬೆರಳಿಗೆ ಹಚ್ಚಿ ನೋಡಿ, ಆಮೇಲೆ ಮಡಕೆ ಖಾಲಿ ಮಾಡಿದರು. ಅತ್ತೆಗೆ ಮಾಸ್ಟರೇ ಒಂದು ಲೋಟ ತಂದುಕೊಟ್ಟರು. "ಕಷಾಯ," ಎಂದರು. ಹಬೆಯಾಡುವ ಚಾ.

ಹಿಂದೆ ಬರುವ ಬಸ್ಸಿನಲ್ಲಿ ಅತ್ತೆ ನಿದ್ದೆ ಹೋದರು. ಮಗಳು ಬುಟ್ಟಿಯ ಮೇಲೆ ತಲೆಯಿಟ್ಟು ನಿದ್ದೆ ಹೋದಳು. ಇವರು ಮಾತ್ರ ಎಚ್ಚರವಾಗಿ ಕುಳಿತಿದ್ದರು, ಗೇಣುದ್ದದ ಬೀಗದ ಕೈಯನ್ನು ತೊಡೆಯ ಮೇಲಿಟ್ಟು ಹೆಬ್ಬೆರಳಿನಿಂದ ಉಜ್ಜುತ್ತಾ. ಸಂತೋಷವೇ, ನಾಚಿಕೆಯೇ ತಿಳಿಯಲಿಲ್ಲ. ತಪ್ಪಿತು ಎಂದು ಲೆಕ್ಕವೋ, ತಪ್ಪಲಿಲ್ಲ ಎಂದು ಲೆಕ್ಕವೋ? ಕೇಳಬೇಕೆಂದು ಎರಡು ಸಲ ಬಾಯಿ ತೆರೆದೆ. ಕಾನ್ವೆಂಟಿನ ವಿದ್ಯೆ, ನುಂಗಿಬಿಟ್ಟೆ.

ಮನೆ ಮುಟ್ಟುವಾಗ ಬಿಸಿಲು ಇಳಿದಿತ್ತು. ಇವರು ಪಕ್ಕದ ಜಗಲಿಯ ಹತ್ತಿರ ಹೋಗಿ ಉಮ್ಮನನ್ನು ಕರೆದು ಏನೋ ಹೇಳಿ, ಮೈ ತೊಳೆಯಲು ಬಾವಿಯ ಕಡೆ ನಡೆದರು. ನಾನು ಜಗಲಿಯ ಮೆಟ್ಟಿಲಲ್ಲಿ, ನಿದ್ದೆಗಣ್ಣಿನ ಮಗಳನ್ನು ಒರಗಿಸಿಕೊಂಡು ಕುಳಿತಿದ್ದೆ. ಇಡೀ ದಿನ ಭುಜದ ಗಂಟನ್ನು ಪಿನ್ನು ಎಂದುಕೊಂಡು ತಡವಿದ ಬೆರಳು ಮತ್ತೆ ಅಲ್ಲಿಗೇ ಹೋಯಿತು. ಉಮ್ಮ ತಲೆಗೆ ಹೊದ್ದಿದ್ದ ತಟ್ಟವನ್ನು ಸರಿಮಾಡಿಕೊಳ್ಳುತ್ತಾ ಬಂದರು. ಬೆಕ್ಕು ಹಾಲು ಕುಡಿಯಲಿಲ್ಲ, ಅದಕ್ಕೆ ನಿಮ್ಮ ಕೈಯೇ ಆಗಬೇಕು ಎಂದು ದೂರಿದರು. ಆಮೇಲೆ ಸೆರಗಿನ ಗಂಟು ಬಿಚ್ಚಿ, ನಮ್ಮ ಅಕ್ಕಿಪೆಟ್ಟಿಗೆಯ ಬೀಗದ ಚಾವಿಯನ್ನು ನನ್ನ ಅಂಗೈಗೆ ಹಾಕಿ, ಆಗಲೇ ತಮ್ಮ ಬಾಗಿಲಿನ ಕಡೆ ತಿರುಗುತ್ತಾ ಹೇಳಿದರು:

"ಬರುವ ಭಾನುವಾರವೂ ಹೋಗ್ಲಿಕ್ಕುಂಟು ಅಂದ್ರು ನಿಮ್ಮವರು. ಆ ದಿನ ನಾನು ತೊಕ್ಕೊಟ್ಟಿನ ಮಗಳ ಮನೆಯಲ್ಲಿರ್ತೇನೆ, ಬೀಗದ ಕೈ ಸೊಸೆಯ ಹತ್ರ ಕೊಡಿ."